ಮರೆಯಲ್ಲಿ ನಿಂತ ಹೆಸರುಗಳು

ಕಥೆ ಹೇಳುವವನು ತನ್ನ ಮನಸ್ಸಿನಲ್ಲಿರುವ ಎಲ್ಲವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವು ಮಾತುಗಳನ್ನು ಎಲ್ಲರಿಗೂ ಕೇಳಿಸುವಂತೆ ಹೇಳುತ್ತಾನೆ. ಮತ್ತೆ ಕೆಲವನ್ನು ಬಲ್ಲವರು ಕಂಡುಕೊಳ್ಳಲಿ ಎಂದು ಮರೆಯಲ್ಲಿರಿಸುತ್ತಾನೆ. ಅವುಗಳನ್ನು ಕಾಣದವರಿಗೆ ನಷ್ಟವೇನೂ ಇಲ್ಲ. ಕಥೆ ತನ್ನ ಪಾಡಿಗೆ ತಾನು ಸಾಗುತ್ತದೆ. ಕಂಡವರಿಗಾದರೋ ಒಂದು ಕ್ಷಣ ಕಥೆಯ ಬಾಗಿಲು ತೆರೆದು, ಅದರ ಆಚೆಗಿರುವ ನಿಜವಾದ ಬದುಕು ಗೋಚರಿಸುತ್ತದೆ. ಕಾವ್ಯ, ಚಿತ್ರ, ಶಿಲ್ಪಗಳಲ್ಲಿ ಹಿಂದಿನಿಂದಲೂ ಇರುವ ಈ ಪದ್ಧತಿ ಇಪ್ಪತ್ತನೆಯ ಶತಮಾನದ ಕಲೆಯಾದ ದೂರದರ್ಶನಕ್ಕೂ ಬಂದಿತು. ಅದಕ್ಕೆ ಒಂದು ಒಳ್ಳೆಯ ನಿದರ್ಶನ ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥೆಗಳ ಧಾರಾವಾಹಿ.

ಸ್ಟಾರ್ ಟ್ರೆಕ್ ಎಂದರೆ ನಕ್ಷತ್ರಗಳೆಡೆಗಿನ ಯಾತ್ರೆ. ಇದರ ಕರ್ತೃ ಜೀನ್ ರಾಡನ್‌ಬೆರಿ ಎಂಬವರು. 1966ನೆಯ ಇಸವಿ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಇದರ ಮೊದಲ ಕಂತು ಪ್ರಸಾರವಾಯಿತು. ಇಪ್ಪತ್ತಮೂರನೆಯ ಶತಮಾನದಲ್ಲಿ ಭೂಮಿಯ ಜನರು ತಮ್ಮ ತಮ್ಮೊಳಗಿನ ಯುದ್ಧಗಳನ್ನು ತೊರೆದು, ಇತರ ಗ್ರಹಗಳ ಜೀವಿಗಳೊಡನೆ ಸ್ನೇಹದಿಂದ ಕೂಡಿ, ‘ಎಂಟರ್‌ಪ್ರೈಸ್’ ಎಂಬ ಮಹಾನೌಕೆಯಲ್ಲಿ ಅಜ್ಞಾತ ಲೋಕಗಳನ್ನು ಅರಸುತ್ತ ಹೋಗುವುದೇ ಇದರ ಕಥಾವಸ್ತು. ಆ ನೌಕೆಯ ನಾಯಕ ಕರ್ಕ್. ಅವನ ಬಲಗೈಯಂತಿರುವ ಸ್ಪಾಕ್, ವಲ್ಕನ್ ಎಂಬ ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದವನು. ಮೂರು ವರ್ಷಗಳಲ್ಲಿ 79 ಕಂತುಗಳು ಪ್ರಸಾರವಾದ ಮೇಲೆ, ಸಾಕಷ್ಟು ಪ್ರೇಕ್ಷಕರಿಲ್ಲವೆಂದು 1969ರಲ್ಲಿ ಈ ಧಾರಾವಾಹಿಯನ್ನು ನಿಲ್ಲಿಸಲಾಯಿತು. ಆದರೆ ಮರುಪ್ರಸಾರಗಳಲ್ಲಿ ಅದು ಮೊದಲಿಗಿಂತಲೂ ಹೆಚ್ಚು ಜನರ ಮನಸ್ಸನ್ನು ಸೆಳೆಯಿತು. 1979ರಿಂದ ಚಲನಚಿತ್ರಗಳೂ 1987ರಿಂದ ಹೊಸ ಹೊಸ ಧಾರಾವಾಹಿಗಳೂ ಒಂದರ ಹಿಂದೊಂದು ಬಂದವು. ಹೀಗೆ ಅರ್ಧ ಶತಮಾನಕ್ಕೂ ಮೀರಿ ಬೆಳೆದ ಈ ಕಥಾಮಾಲೆಯಲ್ಲಿ ಮರೆಯ ಮಾತುಗಳು ನೂರಾರು ಸೇರಿಕೊಂಡಿವೆ. ಅವುಗಳಲ್ಲಿ ಬಹುಪಾಲು ಹೆಸರುಗಳೇ ಆಗಿವೆ ಎಂಬುದು ಗಮನಿಸತಕ್ಕ ಸಂಗತಿ.

ಇಂತಹ ಗುಪ್ತ ಉಲ್ಲೇಖಗಳನ್ನು ಪಾಶ್ಚಾತ್ಯರು ವಿನೋದವಾಗಿ ‘ಈಸ್ಟರ್ ಮೊಟ್ಟೆ’ಗಳೆಂದು ಕರೆಯುತ್ತಾರೆ. ಈಸ್ಟರ್ ಹಬ್ಬದ ದಿನ ಬಣ್ಣ ಬಳಿದ ಮೊಟ್ಟೆಗಳನ್ನು ತೋಟದಲ್ಲಿ ಅಲ್ಲಲ್ಲಿ ಅಡಗಿಸಿಟ್ಟು, ಮಕ್ಕಳಿಂದ ಹುಡುಕಿಸುವುದು ಅವರಲ್ಲಿ ವಾಡಿಕೆ. ಈ ಹೆಸರು ಕಲೆಯ ಕ್ಷೇತ್ರಕ್ಕೆ ಬಂದ ಬಗೆಯೂ ಸ್ವಾರಸ್ಯವಾದುದು. 1980ರ ಸುಮಾರಿಗೆ ‘ಅಡ್ವೆಂಚರ್’ ಎಂಬ ವಿದ್ಯುನ್ಮಾನ ಆಟವೊಂದನ್ನು ವಾರೆನ್ ರಾಬಿನೆಟ್ ಎಂಬವರು ರಚಿಸಿದರು. ಆಟವನ್ನು ರಚಿಸಿದವರ ಹೆಸರನ್ನು ಪ್ರಕಟಿಸುವ ಪದ್ಧತಿ ಆ ಸಂಸ್ಥೆಯಲ್ಲಿ ಇರಲಿಲ್ಲ. ಆದುದರಿಂದ ಅವರು ಯಾರಿಗೂ ತಿಳಿಸದೆ ಆಟದ ಒಳಗೆ ಒಂದು ಗುಪ್ತ ಕೋಣೆಯನ್ನು ನಿರ್ಮಿಸಿ, ಅದರೊಳಗೆ ತಮ್ಮ ಹೆಸರನ್ನು ಬರೆದಿಟ್ಟರು. ಆ ಕೋಣೆ ಬೆಳಕಿಗೆ ಬಂದಾಗ ಅದಕ್ಕೆ ಈಸ್ಟರ್ ಮೊಟ್ಟೆಯೆಂಬ ಹೆಸರು ಬಿದ್ದಿತು. ದುಡಿದವನ ಹೆಸರು ಅಳಿಯಬಾರದೆಂಬ ಆಸೆ ಈ ಪದದ ಮೂಲದಲ್ಲಿಯೇ ಇದೆ.

ಅಂತಹ ಒಂದು ಹೆಸರಿನಿಂದಲೇ ನಮ್ಮ ವಿವೇಚನೆಯನ್ನು ಆರಂಭಿಸೋಣ. ಎಂಟರ್‌ಪ್ರೈಸ್ ನೌಕೆಯ ಆಕಾರವನ್ನು ಕಲ್ಪಿಸಿದವರು ಮ್ಯಾಟ್ ಜೆಫರೀಸ್ ಎಂಬ ಕಲಾವಿದರು. ಅವರು ಎರಡನೆಯ ಮಹಾಯುದ್ಧದಲ್ಲಿ ವೈಮಾನಿಕರಾಗಿದ್ದವರು. ನೌಕೆಯ ಮೇಲಿರುವ ‘ಎನ್.ಸಿ.ಸಿ. 1701’ ಎಂಬ ಗುರುತಿನಲ್ಲಿ, ಅಮೆರಿಕದ ನಾಗರಿಕ ವಿಮಾನಗಳ ಮೇಲೆ ಹಿಂದೆ ಬರೆಯುತ್ತಿದ್ದ ‘ಎನ್.ಸಿ.’ ಎಂಬ ಅಕ್ಷರಗಳ ನೆನಪು ಅಡಗಿದೆ. ನೌಕೆಯ ಯಂತ್ರಗಳನ್ನು ದುರಸ್ತಿ ಮಾಡಲು ತೆವಳಿಕೊಂಡು ಹೋಗತಕ್ಕ ಇಕ್ಕಟ್ಟಾದ ಕೊಳವೆಗಳನ್ನೂ ಅವರೇ ರೂಪಿಸಿದ್ದರು. ಚಿತ್ರೀಕರಣದ ಸ್ಥಳದಲ್ಲಿ ಸಹೋದ್ಯೋಗಿಗಳು ಅದನ್ನು ತಮಾಷೆಗಾಗಿ ‘ಜೆಫರೀಸ್ ಕೊಳವೆ’ ಎಂದು ಕರೆದರು. ಮುಂದೆ ಬಂದ ಧಾರಾವಾಹಿಗಳಲ್ಲಿ ಪಾತ್ರಗಳೇ ಆ ಹೆಸರನ್ನು ಬಳಸತೊಡಗಿದವು. ಇಂದು ಕಥೆಯ ಲೋಕದಲ್ಲಿ ಅದು ಆ ಭಾಗದ ನಿಜನಾಮವೇ ಆಗಿಬಿಟ್ಟಿದೆ. ತೆರೆಯ ಮುಂದೆ ಎಂದೂ ನಿಲ್ಲದ ಕಲಾವಿದನೊಬ್ಬನಿಗೆ ಜೊತೆಗಾರರು ಸಲ್ಲಿಸಿದ ಗೌರವ ಇದು.

ಪಾತ್ರಗಳ ಹೆಸರುಗಳಲ್ಲಿಯೂ ಅರ್ಥಗಳು ಅಡಗಿವೆ. ನೌಕೆಯಲ್ಲಿ ಸಂಪರ್ಕ ವಿಭಾಗದ ಅಧಿಕಾರಿಣಿಯ ಹೆಸರು ಉಹುರಾ. ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ‘ಉಹುರು’ ಎಂದರೆ ಸ್ವಾತಂತ್ರ್ಯ. ಆಫ್ರಿಕದ ಎಷ್ಟೋ ದೇಶಗಳು ಹೊಸದಾಗಿ ಸ್ವಾತಂತ್ರ್ಯವನ್ನು ಪಡೆಯುತ್ತಿದ್ದ, ಅಮೆರಿಕದ ಕಪ್ಪು ಜನರು ಸಮಾನ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಕಾಲದಲ್ಲಿ ಆ ಹೆಸರನ್ನು ಇಟ್ಟುದು ಅರ್ಥವತ್ತಾಗಿತ್ತು. ನೌಕೆಯ ಚಾಲಕನ ಹೆಸರು ಸುಲು. ಏಷ್ಯದ ಯಾವುದೇ ಒಂದು ದೇಶಕ್ಕೆ ಸೇರದೆ ಇಡೀ ಖಂಡವನ್ನು ಪ್ರತಿನಿಧಿಸುವ ಹೆಸರು ಬೇಕೆಂದು ರಾಡನ್‌ಬೆರಿಯವರು ಫಿಲಿಪ್ಪೀನ್ಸ್‌ನ ಬಳಿಯಿರುವ ಸುಲು ಸಮುದ್ರದ ಹೆಸರನ್ನು ಆರಿಸಿಕೊಂಡರು. ಸಮುದ್ರದ ಅಲೆಗಳು ಎಲ್ಲ ತೀರಗಳನ್ನೂ ಮುಟ್ಟುತ್ತವೆ ಎಂಬುದು ಅವರ ಭಾವನೆಯಾಗಿತ್ತು.

ಹೆಸರಲ್ಲದೆ ಒಂದು ಕೈಸನ್ನೆಯೂ ಇಂತಹ ಗುಪ್ತ ಉಲ್ಲೇಖವಾಗಿರುವುದುಂಟು. ವಲ್ಕನ್ ಗ್ರಹದವರು ಪರಸ್ಪರ ವಂದಿಸುವಾಗ ಅಂಗೈಯನ್ನು ಮುಂದೆ ತೋರಿಸಿ, ನಡುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಬಿಡುವು ಮಾಡುತ್ತಾರೆ. 1967ರ ಒಂದು ಕಂತಿಗಾಗಿ ಇದನ್ನು ಸೂಚಿಸಿದವರು ಸ್ಪಾಕನ ಪಾತ್ರವನ್ನು ವಹಿಸಿದ್ದ ಲೆನರ್ಡ್ ನಿಮಾಯ್. ಬಾಸ್ಟನ್ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಒಮ್ಮೆ ಪ್ರಾರ್ಥನಾಮಂದಿರಕ್ಕೆ ಹೋಗಿದ್ದರು. ಪುರೋಹಿತರು ಆಶೀರ್ವದಿಸುವಾಗ ಯಾರೂ ನೋಡಬಾರದೆಂಬುದು ಅಲ್ಲಿಯ ನಿಯಮ. ಬಾಲಕ ನಿಮಾಯ್ ಕುತೂಹಲವನ್ನು ತಡೆಯಲಾರದೆ ಇಣಿಕಿ ನೋಡಿದರು. ಪುರೋಹಿತರ ಕೈಬೆರಳುಗಳು ಹೀಬ್ರೂ ಭಾಷೆಯ ‘ಶಿನ್’ ಎಂಬ ಅಕ್ಷರದ ಆಕಾರದಲ್ಲಿದ್ದವು. ಅದು ದೇವರ ಒಂದು ನಾಮದ ಮೊದಲಕ್ಷರ. ಅಂದು ಕದ್ದು ನೋಡಿದ ಆ ಸನ್ನೆಯನ್ನೇ ಅವರು ದೂರದ ಗ್ರಹದವನೊಬ್ಬನ ಕೈಗೆ ಕೊಟ್ಟರು. 2015ರ ಫೆಬ್ರವರಿ 27ರಂದು ನಿಮಾಯ್ ತೀರಿಕೊಂಡರು. ಮರುದಿನ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಗಗನಯಾತ್ರಿ ಟೆರಿ ವರ್ಟ್ಸ್, ಕಿಟಕಿಯಾಚೆ ಭೂಮಿ ಕಾಣುವಂತೆ ಅದೇ ಸನ್ನೆಯಲ್ಲಿ ಕೈಯನ್ನು ಹಿಡಿದು ತೆಗೆದ ಛಾಯಾಚಿತ್ರವನ್ನು ಲೋಕಕ್ಕೆ ತೋರಿಸಿದರು. ಆ ಕೈಸನ್ನೆಯನ್ನು ಬಳಸುವ ಅಸಂಖ್ಯಾತ ಜನರಲ್ಲಿ ಅದು ಒಂದು ಆಶೀರ್ವಾದವೆಂಬುದನ್ನು ಬಲ್ಲವರು ಕೆಲವರೇ.

ಕಥೆ ನಿಜದಿಂದ ಎರವಲು ಪಡೆಯುವಂತೆ ನಿಜವೂ ಕಥೆಯಿಂದ ಎರವಲು ಪಡೆಯುವುದುಂಟು. ಅಮೆರಿಕವು ಮತ್ತೆ ಮತ್ತೆ ಬಳಸಬಹುದಾದ ‘ಷಟಲ್’ ಎಂಬ ಗಗನನೌಕೆಯನ್ನು ನಿರ್ಮಿಸಿದಾಗ, ಮೊದಲ ನೌಕೆಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡಬೇಕೆಂದಿತ್ತು. ಸ್ಟಾರ್ ಟ್ರೆಕ್ ಧಾರಾವಾಹಿಯ ಅಭಿಮಾನಿಗಳು ಸಾವಿರಾರು ಪತ್ರಗಳನ್ನು ಬರೆದು, ಅದಕ್ಕೆ ಎಂಟರ್‌ಪ್ರೈಸ್ ಎಂಬ ಹೆಸರೇ ಆಗಬೇಕೆಂದು ಪ್ರಾರ್ಥಿಸಿದರು. ಅಂದಿನ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಅದಕ್ಕೆ ಒಪ್ಪಿದರು. 1976ರ ಸೆಪ್ಟೆಂಬರ್ 17ರಂದು ಆ ನೌಕೆಯನ್ನು ಮೊದಲ ಬಾರಿಗೆ ಹೊರತಂದಾಗ ರಾಡನ್‌ಬೆರಿಯವರೂ ಧಾರಾವಾಹಿಯ ಹಲವು ನಟರೂ ಅಲ್ಲಿ ಉಪಸ್ಥಿತರಿದ್ದರು. ಕಥೆಗಾರರು ಈ ಗೌರವವನ್ನು ಮರೆಯಲಿಲ್ಲ. 1979ರ ಮೊದಲ ಚಲನಚಿತ್ರದಲ್ಲಿ, ನೌಕೆಯ ಸಭಾಂಗಣವೊಂದರ ಗೋಡೆಯ ಮೇಲೆ ಎಂಟರ್‌ಪ್ರೈಸ್ ಎಂಬ ಹೆಸರನ್ನು ಹೊತ್ತಿದ್ದ ಹಿಂದಿನ ನೌಕೆಗಳ ಚಿತ್ರಗಳು ತೂಗುಹಾಕಿವೆ. ಹಾಯಿಹಡಗು ಒಂದು, ಯುದ್ಧವಿಮಾನಗಳನ್ನು ಹೊರುವ ಹಡಗು ಒಂದು. ಅವುಗಳ ಸಾಲಿನಲ್ಲಿ ನಿಜವಾದ ಷಟಲ್ ನೌಕೆಯೂ ಇದೆ. ಕಥೆಯ ಹೆಸರನ್ನು ಪಡೆದ ನೌಕೆ ಕಥೆಯೊಳಗೆ ಪೂರ್ವಜನ ಸ್ಥಾನವನ್ನು ಪಡೆಯಿತು! ಆ ಷಟಲ್ ಅಂತರಿಕ್ಷಕ್ಕೆ ಎಂದೂ ಏರಲಿಲ್ಲ. 1977ರಲ್ಲಿ ವಾಯುಮಂಡಲದಲ್ಲಿಯೇ ಅದರ ಇಳಿಯುವ ಪರೀಕ್ಷೆಗಳು ನಡೆದವು. ಕಥೆಯಲ್ಲಿ ಮಾತ್ರ ಅದರ ಹೆಸರು ನಕ್ಷತ್ರಗಳನ್ನು ಮುಟ್ಟಿತು.

ಇದುವರೆಗೆ ಹೇಳಿದವು ಸಂತೋಷದ ಸ್ಮರಣೆಗಳು. ಆದರೆ ಗಗನಯಾನದ ಇತಿಹಾಸದಲ್ಲಿ ಶೋಕದ ಪುಟಗಳೂ ಇವೆ. 1967ರ ಜನವರಿ 27ರಂದು, ಚಂದ್ರಯಾನಕ್ಕಾಗಿ ಸಿದ್ಧವಾಗುತ್ತಿದ್ದ ‘ಅಪೋಲೊ’ ನೌಕೆಯನ್ನು ನೆಲದ ಮೇಲೆಯೇ ಪರೀಕ್ಷಿಸುತ್ತಿದ್ದಾಗ ಬೆಂಕಿ ಹತ್ತಿ, ಗಸ್ ಗ್ರಿಸಮ್, ಎಡ್ ವೈಟ್, ರೋಜರ್ ಚ್ಯಾಫಿ ಎಂಬ ಮೂವರು ಗಗನಯಾತ್ರಿಗಳು ಮಡಿದರು. 1984ರ ಸ್ಟಾರ್ ಟ್ರೆಕ್ ಚಲನಚಿತ್ರದಲ್ಲಿ ಬರುವ ವೈಜ್ಞಾನಿಕ ಸಂಶೋಧನೆಯ ನೌಕೆಗೆ ‘ಗ್ರಿಸಮ್’ ಎಂಬ ಹೆಸರಿದೆ. ಮಹಾನೌಕೆಯಿಂದ ಗ್ರಹಗಳಿಗೆ ಜನರನ್ನು ಕೊಂಡೊಯ್ಯುವ ಕಿರುನೌಕೆಗಳು ಈ ಕಥೆಗಳಲ್ಲಿ ಬರುತ್ತವೆ. 1990ರ ದಶಕದ ಧಾರಾವಾಹಿಯೊಂದರಲ್ಲಿ ಅಂತಹ ಕಿರುನೌಕೆಯ ಹೆಸರು ‘ಚ್ಯಾಫಿ’. ನಿಜಜೀವನದಲ್ಲಿ ಚ್ಯಾಫಿಯವರು ಒಮ್ಮೆಯೂ ಅಂತರಿಕ್ಷಕ್ಕೆ ಹೋಗಲಿಲ್ಲ. ಅವರ ಮೊದಲ ಯಾತ್ರೆಗೆ ಮುನ್ನವೇ ಮೃತ್ಯು ಅಡ್ಡಬಂದಿತು. ಅವರಿಗೆ ದೊರೆಯದೆ ಹೋದ ಯಾತ್ರೆಯನ್ನು ಕಥೆಗಾರರು ಅವರ ಹೆಸರಿಗೆ ದೊರಕಿಸಿಕೊಟ್ಟರು.

ಇನ್ನೊಂದು ಹೆಸರಿನ ಕಥೆಯನ್ನು ತಿಳಿಯಬೇಕಾದರೆ ಉಹುರಾಳ ಪಾತ್ರವನ್ನು ವಹಿಸಿದ ನಿಷೆಲ್ ನಿಕೋಲ್ಸ್ ಅವರಿಂದ ಆರಂಭಿಸಬೇಕು. ಮೊದಲ ವರ್ಷದ ಕೊನೆಯಲ್ಲಿ ಅವರು ಧಾರಾವಾಹಿಯನ್ನು ಬಿಟ್ಟು ನಾಟಕರಂಗಕ್ಕೆ ಹೋಗಲು ನಿರ್ಧರಿಸಿದ್ದರು. ಆಗ ಮಾರ್ಟಿನ್ ಲೂಥರ್ ಕಿಂಗ್ ಅವರು ತಮ್ಮನ್ನು ಕಂಡು, ಆ ಪಾತ್ರವನ್ನು ಬಿಡಬಾರದೆಂದು ಮನವೊಲಿಸಿದರೆಂದು ನಿಕೋಲ್ಸ್ ಅವರೇ ಹೇಳಿಕೊಂಡಿದ್ದಾರೆ. ಕಪ್ಪು ಜನಾಂಗದ ಮಹಿಳೆಯೊಬ್ಬಳು ಸೇವಕಿಯಾಗಿಯಲ್ಲ, ಅಧಿಕಾರಿಯಾಗಿ, ಉಳಿದವರಿಗೆ ಸಮಾನಳಾಗಿ ಕಾಣಿಸಿಕೊಂಡುದು ಅಂದಿನ ದೂರದರ್ಶನದಲ್ಲಿ ಅಪರೂಪದ ಸಂಗತಿಯಾಗಿತ್ತು. ಮುಂದೆ 1977ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ, ಮಹಿಳೆಯರನ್ನೂ ಅಲ್ಪಸಂಖ್ಯಾತ ಜನಾಂಗದವರನ್ನೂ ಗಗನಯಾತ್ರಿಗಳಾಗಲು ಆಹ್ವಾನಿಸುವ ಕಾರ್ಯದಲ್ಲಿ ಅವರ ನೆರವನ್ನು ಪಡೆಯಿತು. ಅವರು ಊರೂರು ಸುತ್ತಿ ತರುಣ ತರುಣಿಯರನ್ನು ಪ್ರೋತ್ಸಾಹಿಸಿದರು. 1978ರಲ್ಲಿ ಆಯ್ಕೆಯಾದ 35 ಮಂದಿಯಲ್ಲಿ ಆರು ಮಂದಿ ಮಹಿಳೆಯರೂ ಮೂವರು ಕಪ್ಪು ಜನಾಂಗದವರೂ ಇದ್ದರು. ಹವಾಯಿ ದ್ವೀಪದಲ್ಲಿ ಜಪಾನೀ ಮೂಲದ ಕುಟುಂಬದಲ್ಲಿ ಹುಟ್ಟಿದ ಎಲಿಸನ್ ಒನಿಜುಕ ಎಂಬವರೂ ಅದೇ ತಂಡದವರು.

1986ರ ಜನವರಿ 28ರಂದು ‘ಚಾಲೆಂಜರ್’ ಎಂಬ ಷಟಲ್ ನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಒಡೆದು ನಾಶವಾಯಿತು. ಅದರಲ್ಲಿದ್ದ ಏಳು ಮಂದಿಯೂ ಅಸುನೀಗಿದರು. ಅವರಲ್ಲಿ ನಾಲ್ವರು 1978ರ ತಂಡಕ್ಕೆ ಸೇರಿದವರು; ಒನಿಜುಕ ಆ ನಾಲ್ವರಲ್ಲಿ ಒಬ್ಬರು. ಅದೇ ವರ್ಷದ ಕೊನೆಗೆ ಬಿಡುಗಡೆಯಾದ ಸ್ಟಾರ್ ಟ್ರೆಕ್ ಚಲನಚಿತ್ರವನ್ನು ಅದರ ನಿರ್ಮಾಪಕರು ಚಾಲೆಂಜರ್ ನೌಕೆಯ ಯಾತ್ರಿಗಳಿಗೆ ಅರ್ಪಿಸಿದರು. ಇದು ಬಹಿರಂಗವಾದ ಶ್ರದ್ಧಾಂಜಲಿ. ಮೂರು ವರ್ಷಗಳ ಅನಂತರ, 1989ರಲ್ಲಿ, ಆಗಿನ ಹೊಸ ಧಾರಾವಾಹಿಯಲ್ಲಿ ಒಂದು ಕಿರುನೌಕೆ ಕಾಣಿಸಿಕೊಂಡಿತು. ಅದರ ಪಕ್ಕದ ಮೇಲೆ ‘ಒನಿಜುಕ’ ಎಂದು ಬರೆದಿತ್ತು. ಯಾವ ಪಾತ್ರವೂ ಆ ಹೆಸರನ್ನು ಕುರಿತು ವಿವರಣೆ ನೀಡಲಿಲ್ಲ. ಕಥೆ ಅದಕ್ಕಾಗಿ ನಿಲ್ಲಲಿಲ್ಲ. ಬಲ್ಲವರು ಮಾತ್ರ ಕಂಡರು, ನೆನೆದರು. ಅರ್ಪಣೆಯ ಮಾತನ್ನು ಚಿತ್ರದ ಆರಂಭದಲ್ಲಿ ಒಮ್ಮೆ ಓದುತ್ತೇವೆ. ನೌಕೆಗೆ ಇಟ್ಟ ಹೆಸರಾದರೋ ಆ ನೌಕೆ ಹಾರಿದಾಗಲೆಲ್ಲ ನೆನಪಾಗಿ ಹಾರುತ್ತದೆ.

ಈ ಸರಪಳಿಯ ಮುಂದಿನ ಕೊಂಡಿ ಮೇ ಜೆಮಿಸನ್. ಬಾಲ್ಯದಲ್ಲಿ ಉಹುರಾಳ ಪಾತ್ರವನ್ನು ನೋಡಿ ಸ್ಫೂರ್ತಿಗೊಂಡ ಈಕೆ ವೈದ್ಯೆಯಾಗಿ, ಗಗನಯಾತ್ರಿಯಾಗಿ, 1992ರ ಸೆಪ್ಟೆಂಬರ್ ತಿಂಗಳಲ್ಲಿ ಅಂತರಿಕ್ಷಕ್ಕೇರಿದ ಮೊದಲ ಕಪ್ಪು ಜನಾಂಗದ ಮಹಿಳೆಯೆನಿಸಿದರು. ಯಾತ್ರೆಯಲ್ಲಿದ್ದಾಗ ತಮ್ಮ ಸರದಿಯ ಕೆಲಸವನ್ನು ಆರಂಭಿಸುವಾಗಲೆಲ್ಲ ಭೂಮಿಯ ನಿಯಂತ್ರಣ ಕೇಂದ್ರಕ್ಕೆ ಉಹುರಾ ಆಡುತ್ತಿದ್ದ ಮಾತನ್ನೇ ಅವರು ಹೇಳುತ್ತಿದ್ದರು. 1993ರಲ್ಲಿ ಸ್ಟಾರ್ ಟ್ರೆಕ್‌ನ ಒಂದು ಕಂತಿನಲ್ಲಿ ಅವರು ಚಿಕ್ಕದೊಂದು ಪಾತ್ರವನ್ನು ವಹಿಸಿದರು. ನಿಜವಾದ ಗಗನಯಾತ್ರಿಯೊಬ್ಬರು ಆ ಕಥಾಮಾಲೆಯಲ್ಲಿ ಕಾಣಿಸಿಕೊಂಡುದು ಅದೇ ಮೊದಲು.

ಭಾರತದ ಹೆಸರೊಂದೂ ಈ ಸಾಲಿಗೆ ಸೇರಿದೆ. ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ ಗಗನಯಾತ್ರಿಯಾದ ಕಲ್ಪನಾ ಚಾವ್ಲಾ ಅವರು 2003ರ ಫೆಬ್ರವರಿ 1ರಂದು ‘ಕೊಲಂಬಿಯಾ’ ಷಟಲ್ ನೌಕೆಯ ದುರಂತದಲ್ಲಿ ಆರು ಮಂದಿ ಸಂಗಾತಿಗಳೊಡನೆ ಅಸುನೀಗಿದರು. 2002ರ ಸೆಪ್ಟೆಂಬರ್ ತಿಂಗಳಲ್ಲಿ ಹಾರಿಬಿಟ್ಟಿದ್ದ ಹವಾಮಾನ ವೀಕ್ಷಣೆಯ ಉಪಗ್ರಹಕ್ಕೆ ಭಾರತವು ಆ ಫೆಬ್ರವರಿಯಲ್ಲಿಯೇ ‘ಕಲ್ಪನಾ-1’ ಎಂದು ಮರುನಾಮಕರಣ ಮಾಡಿತು. 2007ರಲ್ಲಿ ಪೀಟರ್ ಡೇವಿಡ್ ಎಂಬ ಲೇಖಕರು ಸ್ಟಾರ್ ಟ್ರೆಕ್ ಕಥೆಯನ್ನು ಆಧರಿಸಿ ಬರೆದ ಕಾದಂಬರಿಯೊಂದರಲ್ಲಿ ಎಂಟರ್‌ಪ್ರೈಸ್‌ನ ಕಿರುನೌಕೆಯೊಂದಕ್ಕೆ ‘ಚಾವ್ಲಾ’ ಎಂದು ಹೆಸರಿಟ್ಟರು. ಒಂದು ಗೌರವ ಇಡೀ ರಾಷ್ಟ್ರ ಕೇಳುವಂತೆ ಸಾರಿದ್ದು. ಮತ್ತೊಂದು ಪುಸ್ತಕದ ಪುಟದಲ್ಲಿ ಮೆಲ್ಲನೆ ನುಡಿದದ್ದು. ಎರಡರ ಹಿಂದೆಯೂ ಇರುವ ಭಾವ ಒಂದೇ.

ಮರೆಯಲ್ಲಿಟ್ಟುದೆಲ್ಲವೂ ಇಷ್ಟು ಗಂಭೀರವೆಂದು ತಿಳಿಯಬೇಕಾಗಿಲ್ಲ. ಕೇವಲ ವಿನೋದಕ್ಕಾಗಿ ಸೇರಿಸಿದವೂ ಹಲವು ಇವೆ. 1987ರ ಧಾರಾವಾಹಿಯಲ್ಲಿ ಮೈಕೇಲ್ ಒಕುಡ ಎಂಬ ಕಲಾವಿದರು ತಮ್ಮ ಸಂಗಡಿಗರೊಡನೆ ನೌಕೆಯ ಒಳರಚನೆಯ ದೊಡ್ಡ ನಕ್ಷೆಯೊಂದನ್ನು ಬರೆದರು. ಆ ನಕ್ಷೆಯೊಳಗೆ ಒಂದು ಬಾತುಕೋಳಿಯೂ ಒಂದು ಇಲಿಯೂ ಅಡಗಿಕೊಂಡಿವೆ. ಅಂದಿನ ದೂರದರ್ಶನದ ಮಸುಕಾದ ಚಿತ್ರದಲ್ಲಿ ಅವು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಹಾಗೆಯೇ ಕಥೆಗಾರ ಜೋ ಮೆನೊಸ್ಕಿಯವರು 47 ಎಂಬ ಸಂಖ್ಯೆಯನ್ನು ಹಲವು ಕಂತುಗಳಲ್ಲಿ ಸೇರಿಸುತ್ತ ಬಂದರು. ಅವರು ಕ್ಯಾಲಿಫೋರ್ನಿಯದ ಪೊಮೋನ ಕಾಲೇಜಿನಲ್ಲಿ ಓದಿದವರು. ಉಳಿದೆಲ್ಲ ಸಂಖ್ಯೆಗಳಿಗಿಂತ 47 ಲೋಕದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ ಎಂಬ ಹಾಸ್ಯ 1964ರಿಂದ ಆ ಕಾಲೇಜಿನಲ್ಲಿ ಪ್ರಚಲಿತವಾಗಿತ್ತು. ಇತರ ಲೇಖಕರೂ ಆ ಆಟದಲ್ಲಿ ಸೇರಿಕೊಂಡರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಹುಡುಕುವ ಉತ್ಸಾಹದಲ್ಲಿ ಇಲ್ಲದುದನ್ನೂ ಕಾಣುವುದು ಮನುಷ್ಯನ ಸ್ವಭಾವ. ಜೆಮಿಸನ್ ಅವರು ಕೈಗೊಂಡ ಷಟಲ್ ಯಾತ್ರೆಯ ಸಂಖ್ಯೆಯೂ 47! ಆದರೆ ಅದನ್ನು ಯಾರೂ ಅಡಗಿಸಿಟ್ಟುದಲ್ಲ. ಯಾತ್ರೆಗಳಿಗೆ ಕೊಡುತ್ತ ಬಂದ ಸಂಖ್ಯೆಗಳಲ್ಲಿ ಅದು ಅಕಸ್ಮಾತ್ತಾಗಿ ಒದಗಿತು, ಅಷ್ಟೆ. ಆದುದರಿಂದ ಯಾವುದನ್ನಾದರೂ ಗುಪ್ತ ಉಲ್ಲೇಖವೆಂದು ಹೇಳುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಅದನ್ನು ಮಾಡಿದವರು ತಾವೇ ಹಾಗೆಂದು ಹೇಳಿದ್ದಾರೆಯೆ? ಆಕಸ್ಮಿಕವೆನ್ನಲಾರದಷ್ಟು ಹೊಂದಾಣಿಕೆ ಅದರಲ್ಲಿ ಉಂಟೆ? ಕಾಲ, ಸ್ಥಳ, ವ್ಯಕ್ತಿಗಳ ಸಂಬಂಧ ಸರಿಹೋಗುತ್ತದೆಯೆ? ಈ ಪರೀಕ್ಷೆಗೆ ನಿಲ್ಲದುದನ್ನು ಬಿಟ್ಟುಬಿಡುವುದೇ ವಿವೇಕ.

ಕೊನೆಯದಾಗಿ, 1979ರ ಚಲನಚಿತ್ರದ ಒಂದು ಪ್ರಸಂಗವನ್ನು ನೋಡೋಣ. ಅಂತರಿಕ್ಷದ ಆಳದಿಂದ ಭಯಂಕರವಾದ ಯಂತ್ರಶಕ್ತಿಯೊಂದು ಭೂಮಿಯೆಡೆಗೆ ಬರುತ್ತದೆ. ಅದು ತನ್ನನ್ನು ‘ವೀಜರ್’ ಎಂದು ಕರೆದುಕೊಳ್ಳುತ್ತದೆ; ತನ್ನನ್ನು ಸೃಷ್ಟಿಸಿದವನನ್ನು ಹುಡುಕುತ್ತಿದೆ. ನಾಯಕ ಕರ್ಕ್ ಅದರ ಹೃದಯಭಾಗವನ್ನು ತಲುಪಿದಾಗ ಅಲ್ಲಿ ಹಳೆಯದೊಂದು ಲೋಹದ ಫಲಕ ಕಾಣುತ್ತದೆ. ಮಸಿ ಹಿಡಿದು ಹೆಸರಿನ ನಡುವಣ ಅಕ್ಷರಗಳು ಮುಚ್ಚಿಹೋಗಿವೆ. ಅವನು ಕೈಯಿಂದ ಒರೆಸುತ್ತಾನೆ. ‘ವಾಯೇಜರ್ 6’ ಎಂಬ ಹೆಸರು ಹೊರಬೀಳುತ್ತದೆ! ಆ ಮಹಾಶಕ್ತಿಯ ಒಡಲಿನಲ್ಲಿದ್ದುದು ಮನುಷ್ಯರೇ ಹಿಂದೊಮ್ಮೆ ಕಳುಹಿಸಿ ಮರೆತಿದ್ದ ನೌಕೆ.

ಆರನೆಯ ವಾಯೇಜರ್ ಕಲ್ಪಿತವಾದುದು. ನಿಜವಾದ ವಾಯೇಜರ್ ನೌಕೆಗಳು ಎರಡೇ. 1977ರಲ್ಲಿ ಹೊರಟ ಅವು ಸೌರಮಾರುತದ ವಲಯವನ್ನು ದಾಟಿ, ಒಂದು 2012ರಲ್ಲಿಯೂ ಇನ್ನೊಂದು 2018ರಲ್ಲಿಯೂ ನಕ್ಷತ್ರಗಳ ನಡುವಣ ಅವಕಾಶವನ್ನು ಪ್ರವೇಶಿಸಿದವು. ಅವೆರಡರಲ್ಲಿಯೂ ಚಿನ್ನದ ಲೇಪವುಳ್ಳ ಧ್ವನಿಮುದ್ರಿಕೆಯೊಂದಿದೆ. ಎಂದಾದರೊಂದು ದಿನ ಯಾರಾದರೂ ಕಂಡು ಕೇಳಲಿ ಎಂದು ಲೋಕದ 55 ಭಾಷೆಗಳ ಶುಭಾಶಯಗಳನ್ನು ಅದರಲ್ಲಿ ಮುದ್ರಿಸಿದೆ. ಆ 55ರಲ್ಲಿ ನಮ್ಮ ಕನ್ನಡವೂ ಒಂದು.

ಕರ್ಕ್ ಒರೆಸಿದ ಮಸಿಯಂತಹುದು ಮರೆವು. ಕೊಳವೆಗೆ ಇಟ್ಟ ಹೆಸರಾಗಲಿ, ಕಿರುನೌಕೆಯ ಪಕ್ಕದ ಮೇಲಿನ ಬರಹವಾಗಲಿ, ಯಾರಾದರೂ ಬಂದು ಒರೆಸಲಿ ಎಂದು ಕಾಯುತ್ತಿರುತ್ತವೆ. ಅದಕ್ಕೆ ತೀಕ್ಷ್ಣವಾದ ಕಣ್ಣು ಒಂದಿದ್ದರೆ ಸಾಲದು, ತಿಳಿವಳಿಕೆಯೂ ಬೇಕು. ಒನಿಜುಕ ಯಾರೆಂದು ಅರಿಯದವನಿಗೆ ಆ ಬರಹ ಬರಿಯ ಅಕ್ಷರಗಳ ಸಾಲು. ಅರಿತವನಿಗೆ ಅದು ಒಂದು ಜೀವನ. ಮಡಿದವರ ಹೆಸರನ್ನು ಬರೆದಿಡುವುದು ಒಬ್ಬರ ಕೆಲಸವಾದರೆ, ಅದನ್ನು ಓದಿ ತಿಳಿಯುವುದು ಮುಂದಿನವರ ಕೆಲಸ. ಎರಡನೆಯದು ನಡೆದಾಗ ಮಾತ್ರ ಮೊದಲನೆಯದು ಸಾರ್ಥಕವಾಗುತ್ತದೆ.